ಭಾರ ಇಡುವ ಮುನ್ನ ನೆಲ ನೋಡು

ತಮ್ಮಾ, ಸಿರುಗುಪ್ಪದ ಹೊಲ, ನೆಲ್ಲಿನ ಗೋದಾಮು, ಹೊಸದಾಗಿ ಕಟ್ಟಬೇಕೆಂದಿರುವ ಮನೆ, ಎಲ್ಲವೂ ಇನ್ನು ನಿನ್ನ ಕೈಗೆ ಬರುತ್ತವೆ. ಭಾರ ಎಷ್ಟೆಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಅದನ್ನು ಹೊರುವ ನೆಲದ ತಾಕತ್ತು ಎಷ್ಟೆಂದು ಕೇಳುವವರು ಕಡಿಮೆ. ಇಟ್ಟ ವಸ್ತು ನೆಲವನ್ನು ಒತ್ತಿದರೆ ನೆಲವೂ ಅದನ್ನು ತಿರುಗಿ ಒತ್ತುತ್ತದೆ. ಶಾಲೆಯಲ್ಲಿ ಇದನ್ನೇ ಲಂಬ ಬಲ ಎಂದು ಓದಿದ್ದೀಯ. ಆ ಪಾಠ ದಿನದ ದುಡಿಮೆಗೆ ಹೇಗೆ ಬೇಕಾಗುತ್ತದೆ ಎಂದು ಹೇಳುತ್ತೇನೆ, ಮನಸ್ಸಿನಲ್ಲಿಟ್ಟುಕೋ.

• ನೆಲ ಸುಮ್ಮನಿದೆ ಅಂದುಕೊಳ್ಳಬೇಡ. 75 ಕೆ.ಜಿ. ನೆಲ್ಲಿನ ಚೀಲ ಇಟ್ಟರೆ ಕಲ್ಲಿನ ನೆಲವೂ ಒಂದಿಷ್ಟು ತಗ್ಗುತ್ತದೆ, ತಗ್ಗಿ ಸುಮಾರು 735 ನ್ಯೂಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. ನವಾರದ ಮಂಚದಲ್ಲಿ ಕೂತರೆ ಪಟ್ಟಿ ಜಗ್ಗುವುದು ಕಾಣುತ್ತದೆ. ಕಲ್ಲು ತಗ್ಗುವುದು ಕಣ್ಣಿಗೆ ಕಾಣುವುದಿಲ್ಲ. ಇನ್ನೊಂದು ಚೀಲ ಹೇರಿದರೆ ಆ ಒತ್ತು ಇಮ್ಮಡಿಯಾಗುತ್ತದೆ. ಆದರೆ ಪ್ರತಿ ನೆಲಕ್ಕೂ ಒಂದು ಮಿತಿ ಇದೆ. ಅದನ್ನು ದಾಟಿದರೆ ಕುಸಿಯುತ್ತದೆ.

• ಗೋದಾಮಿನಲ್ಲಿ ಗೋಡೆಗೆ ಒರಗಿಸಿ ಪೇರಿಸಬೇಡ. ಹತ್ತು ಚೀಲ ಎತ್ತರ ಪೇರಿಸಿದರೆ ತಳದ ಚೀಲದ ಮೇಲೆ 675 ಕೆ.ಜಿ. ಕೂತಿರುತ್ತದೆ. ಕೆಳಗಿನ ನೆಲ ಒಂದು ಕಡೆ ತಗ್ಗಿದರೆ ಸಾಲು ಪೂರಾ ವಾಲುತ್ತದೆ. ಗೋಡೆಯನ್ನು ಕಟ್ಟಿರುವುದು ಮೇಲಿನ ಭಾರ ಹೊರಲಿಕ್ಕೆ. ಮಗ್ಗುಲಿನಿಂದ ಬರುವ ಒತ್ತನ್ನು ಅದು ಬಹಳ ತಡೆಯಲಾರದು. ಒಬ್ಬ ಹಮಾಲಿ ಓಡಾಡುವಷ್ಟು ಜಾಗ ಬಿಡು, ತಳಕ್ಕೆ ಮಟ್ಟವಾಗಿ ಹಲಗೆ ಹಾಕು.

• ಕಾಟಾದ ಮೇಲೆ ಎಲ್ಲ ಗಾಲಿಗಳನ್ನೂ ನೋಡು. ಕಾಟಾ ತೋರಿಸುವ ಅಂಕಿ ಎಂದರೆ ಅದರ ಹಲಗೆ ಗಾಡಿಯನ್ನು ಎಷ್ಟು ಬಲದಿಂದ ಎತ್ತಿ ಹಿಡಿದಿದೆ ಎಂಬ ಲೆಕ್ಕ. ಒಂದು ಗಾಲಿ ಅಂಚಿನಾಚೆ ನಿಂತರೆ ಅದರ ಪಾಲಿನ ಭಾರವನ್ನು ಹೊರಗಿನ ನೆಲ ಹೊರುತ್ತದೆ, ಅಂಕಿ ಇಳಿಯುತ್ತದೆ, ನಷ್ಟ ನಿನಗೆ. ಸಣ್ಣ ತಕ್ಕಡಿಯಲ್ಲೂ ಚೀಲ ಗೋಡೆಗೆ ತಾಗಿರಬಾರದು, ಯಾರ ಮೊಣಕಾಲೂ ಆನಿಕೊಂಡಿರಬಾರದು. ತೂಗುವ ಮುಂಚೆ ಸೊನ್ನೆ ಬಂದಿದೆಯೇ ಎಂದು ನೀನೇ ನೋಡು. ಕೇಳಲು ಸಂಕೋಚ ಬೇಡ, ಅದು ನಿನ್ನ ಬೆವರು.

• ಹಸಿ ಗದ್ದೆಗೆ ಭಾರವನ್ನು ಹರಡಿ ಇಳಿಸು. ನೀರು ಕುಡಿದ ಎರೆ ಮಣ್ಣು ಒಂದೇ ಕಡೆ ಬಿದ್ದ ಭಾರವನ್ನು ಎತ್ತಿ ಹಿಡಿಯಲಾರದು. ಚೈನ್ ಇರುವ ಕಟಾವು ಯಂತ್ರ ಗದ್ದೆಯಲ್ಲಿ ಹೂತುಕೊಳ್ಳದೆ ಹೋಗುವುದು ಅದು ಹಗುರ ಎಂದಲ್ಲ, ಅಗಲ ಜಾಗದ ಮೇಲೆ ಭಾರ ಹಂಚುವುದರಿಂದ. ಟ್ರ್ಯಾಕ್ಟರ್ ಹೂತರೆ ಗಾಲಿ ತಿರುಗಿಸುತ್ತಲೇ ಇರಬೇಡ, ಇನ್ನೂ ಆಳಕ್ಕೆ ಇಳಿಯುತ್ತದೆ. ಗಾಲಿಯ ಅಡಿಗೆ ಹಲಗೆ ಕೊಡು. ಕೇಜ್‌ವೀಲ್ ಹಾಕಿಕೊಂಡು ಡಾಂಬರು ರಸ್ತೆಗೆ ಮಾತ್ರ ಬರಬೇಡ. ಅದರ ಕಬ್ಬಿಣದ ಪಟ್ಟಿಗಳು ಗಾಡಿಯ ಭಾರವನ್ನು ಗೆರೆಯಷ್ಟು ಜಾಗದ ಮೇಲೆ ಹಾಕಿ ರಸ್ತೆಯನ್ನು ಸೀಳುತ್ತವೆ.

• ಎರೆಯ ಮೇಲೆ ಮನೆ ಕಟ್ಟುವಾಗ ಆತುರ ಬೇಡ. ಹನುಮಪ್ಪ ನಾಯಕ ಬಳ್ಳಾರಿಯಲ್ಲಿ ಮೇಲುಕೋಟೆ ಕಟ್ಟಿದ್ದು ಗ್ರಾನೈಟ್ ಗುಡ್ಡದ ಮೇಲೆ. ಬಂಡೆಗೆ ಮಳೆಗಾಲ, ಬೇಸಿಗೆ ಎರಡೂ ಒಂದೇ. ನಮ್ಮ ಎರೆ ಹಾಗಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ನೀರು ಬಿದ್ದರೆ ಉಬ್ಬಿ ಪಾಯವನ್ನೇ ಮೇಲಕ್ಕೆತ್ತುತ್ತದೆ. ಒಂದು ಮೂಲೆ ಏರಿ, ಇನ್ನೊಂದು ಇಳಿದು, ಗೋಡೆ ಓರೆಯಾಗಿ ಸೀಳುತ್ತದೆ. ಬಿರುಕು ಮುಗಿದು ಗಟ್ಟಿ ಪದರ ಸಿಗುವವರೆಗೆ ಅಗೆಸು, ಎರೆ ತೆಗೆಸಿ ಗರಸು ತುಂಬಿಸಿ ಬಡಿಸು. ಬಚ್ಚಲ ನೀರು ಪಾಯದ ಹತ್ತಿರ ಇಂಗದಂತೆ ನೋಡಿಕೋ. ಮಣ್ಣು ಪರೀಕ್ಷೆಯ ಖರ್ಚಿನಲ್ಲಿ ಜಿಪುಣತನ ಬೇಡ.

• ಇಳಿಜಾರನ್ನು ನಂಬಬೇಡ. ನೆಲ ಯಾವಾಗಲೂ ತನ್ನ ಮೈಗೆ ನೇರವಾಗಿಯೇ ಒತ್ತುತ್ತದೆ. 30 ಡಿಗ್ರಿ ಇಳಿಜಾರಿನಲ್ಲಿ ಭಾರದ ಅರ್ಧದಷ್ಟು ಬಲ ಕೆಳಗೆ ಜಾರಿಸುತ್ತಿರುತ್ತದೆ. ಅದನ್ನು ಹಿಡಿಯುವುದು ತಿಕ್ಕಾಟ ಒಂದೇ. ಕುರುಗೋಡಿನಲ್ಲಿ ದೊಡ್ಡ ಬಸವೇಶ್ವರನ ತೇರು ಎಳೆಯುವಾಗ ಗಾಲಿಗೆ ಮರದ ತುಂಡು ಕೊಡುವವರನ್ನು ಗಮನಿಸು. ನೀನೂ ಟ್ರಾಲಿ ನಿಲ್ಲಿಸಿದ ಕೂಡಲೇ ಇಳಿಜಾರಿನ ಕಡೆ ಗಾಲಿಗೆ ಕಲ್ಲು ಕೊಡು. ಬಂಡೆ ಹತ್ತುವಾಗ ಹೆದರಿ ಬಂಡೆಗೆ ಬಾಗಬೇಡ, ಕಾಲು ಹೊರಕ್ಕೆ ಜಾರುತ್ತದೆ. ನೆಟ್ಟಗೆ ನಿಂತು ಪಾದ ಪೂರ್ತಿ ಊರು.

• ಏಣಿಯ ಬುಡ ನೋಡಿ ಹತ್ತು. ಗೋಡೆ ಏಣಿಯನ್ನು ಹೊರಕ್ಕೆ ತಳ್ಳುತ್ತದೆ, ಬುಡ ಜಾರದಂತೆ ಹಿಡಿಯುವುದು ನೆಲ. 12 ಅಡಿ ಎತ್ತರಕ್ಕೆ ಬುಡ ಗೋಡೆಯಿಂದ 3 ಅಡಿ ದೂರವಿರಲಿ. ಒದ್ದೆ ನುಣುಪು ಕಲ್ಲಿನ ಮೇಲೆ ಏಣಿ ಇಡಲೇಬೇಡ.

• ಹಾಸಿಗೆ ಹಿಡಿದವರನ್ನು ಮರೆಯಬೇಡ. ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಮಲಗಿದಲ್ಲೇ ಮಲಗಿದ ಹಿರಿಯರ ಹಿಮ್ಮಡಿ, ಸೊಂಟದ ಮೂಳೆ, ಬೆನ್ನ ಬುಡವನ್ನು ಹಾಸಿಗೆ ಎಡೆಬಿಡದೆ ಒತ್ತುತ್ತದೆ. ಅಲ್ಲಿ ರಕ್ತದ ಓಡಾಟ ನಿಂತು ಚರ್ಮ ಸಾಯುತ್ತದೆ, ಹುಣ್ಣಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು. ಎಳೆಯಬೇಡ, ಎತ್ತಿ ಹೊರಳಿಸು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯನ್ನು ಹಾಸಿಗೆಯಿಂದ ಬಿಡಿಸು. ಹುಣ್ಣಾಗುವ ಮುಂಚೆ ಚರ್ಮ ಕೆಂಪಾಗುವುದು ನಮ್ಮ ಕಪ್ಪು ಮೈಯಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಮುಟ್ಟಿ ನೋಡು, ಬಿಸಿಯೋ ಗಡಸೋ ಅನ್ನಿಸಿದರೆ ಅವತ್ತೇ ಡಾಕ್ಟರಿಗೆ ತೋರಿಸು. ರಾತ್ರಿಯ ಪಾಳಿಯನ್ನು ಮನೆಯ ಹೆಣ್ಣುಮಕ್ಕಳ ಮೇಲಷ್ಟೇ ಹೇರದೆ ನೀನೂ ಎದ್ದು ಮಾಡು.