ಎರಡು ಶಾಲಾ ಜಿಲ್ಲೆಗಳ ಯೋಜನೆ ಹೋಲಿಸಿ ಓದುವುದು ಹೇಗೆ?

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮನೆ ಹುಡುಕುವ ಕನ್ನಡದ ಅಪ್ಪ-ಅಮ್ಮಂದಿರು ಮೊದಲು ವಿಚಾರಿಸುವುದು ಶಾಲೆಯ ರೇಟಿಂಗನ್ನು. ಅದು ಹೇಳದ ಎಷ್ಟೋ ಸಂಗತಿ ಶಾಲಾ ಜಿಲ್ಲೆ ತಾನೇ ಬರೆದಿಟ್ಟ ಯೋಜನೆಯಲ್ಲಿದೆ. ರಾಜ್ಯದಲ್ಲಿ ಇಂಥ ಜಿಲ್ಲೆಗಳು ಸುಮಾರು ಸಾವಿರ. ಒಂದೊಂದಕ್ಕೂ ತನ್ನದೇ ಆಡಳಿತ ಮಂಡಳಿ, ತನ್ನದೇ ಬಜೆಟ್. 2013ರಲ್ಲಿ ಅನುದಾನದ ಸೂತ್ರ ಬದಲಾದ ಮೇಲೆ ಪ್ರತಿ ಜಿಲ್ಲೆಯೂ ‘ಎಲ್‌ಕ್ಯಾಪ್’ ಎಂಬ ಮೂರು ವರ್ಷಗಳ ಯೋಜನೆ ಮಾಡಿ, ವರ್ಷವರ್ಷವೂ ತಿದ್ದಿ, ಜುಲೈ 1ರೊಳಗೆ ಅಂಗೀಕರಿಸಬೇಕು. ನಮೂನೆ ಎಲ್ಲರಿಗೂ ಒಂದೇ. ಹಾಗಾಗಿ ಹೋಲಿಕೆ ಸಾಧ್ಯ.

ಹಂತ 1: ಜೋಡಿ ಸರಿಯಿರಲಿ. ಫ್ರೀಮಾಂಟ್ ಯುನಿಫೈಡ್ ಜಿಲ್ಲೆ ಹನ್ನೆರಡನೇ ತರಗತಿಯವರೆಗೂ ಇದೆ. ಕ್ಯುಪರ್ಟಿನೊ ಯೂನಿಯನ್ ಎಂಟಕ್ಕೇ ಮುಗಿಯುತ್ತದೆ. ಅಲ್ಲಿಂದ ಹೆಚ್ಚಿನ ಮಕ್ಕಳು ಸೇರುವುದು ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಜಿಲ್ಲೆಗೆ. ಹೆಸರಿನಲ್ಲಿ ಫ್ರೀಮಾಂಟ್ ಇದ್ದರೂ ಅದರ ಕಚೇರಿ ಇರುವುದು ಸನ್ನಿವೇಲ್‌ನಲ್ಲಿ. ಫ್ರೀಮಾಂಟ್ ನಗರದ ಶಾಲೆಗಳು ಅದಕ್ಕೆ ಸೇರಿಲ್ಲ. ಅಂದರೆ ಒಂದು ಕಡೆ ಒಂದು ಯೋಜನೆ, ಇನ್ನೊಂದು ಕಡೆ ಎರಡನ್ನು ಜೋಡಿಸಿ ಓದಬೇಕು.

ಹಂತ 2: ವರ್ಷ ನೋಡಿ. 2024-25ರಿಂದ 2026-27ರ ಸುತ್ತಿನ ಯೋಜನೆಯನ್ನು ಹಿಂದಿನ ಸುತ್ತಿನದರ ಜೊತೆ ಇಡಬೇಡಿ.

ಹಂತ 3: ಗುರಿಗಳನ್ನು ಬೇಗ ಓದಿ ಮುಗಿಸಿ. ಎಲ್ಲ ಜಿಲ್ಲೆಗಳ ಗುರಿಯೂ ಚೆನ್ನಾಗಿಯೇ ಕೇಳಿಸುತ್ತದೆ. ಯಾವುದು ವಿಶಾಲ ಗುರಿ, ಯಾವುದು ಒಂದು ನಿರ್ದಿಷ್ಟ ಸಮಸ್ಯೆಗೆ ಕೈಹಾಕಿದ ಗುರಿ ಎಂದು ಗುರುತು ಹಾಕಿಕೊಂಡರೆ ಸಾಕು.

ಹಂತ 4: ಒಂದೇ ಎಳೆ ಹಿಡಿದು ಕೊನೆತನಕ ಹೋಗಿ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇಲ್ಲಿದೆ. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳನ್ನೇ ತೆಗೆದುಕೊಳ್ಳಿ. ದಾಖಲಾತಿಯಲ್ಲಿ ಮನೆಮಾತು ಕನ್ನಡ ಎಂದು ಬರೆದರೆ ನಿಮ್ಮ ಮಗುವಿಗೂ ‘ಎಲ್‌ಪ್ಯಾಕ್’ ಎಂಬ ಇಂಗ್ಲಿಷ್ ಪರೀಕ್ಷೆ ಇರುತ್ತದೆ. ಅದರ ಫಲಿತಾಂಶ ನೋಡಿ ಮಗುವನ್ನು ಈ ಗುಂಪಿಗೆ ಸೇರಿಸಬಹುದು. ಈ ಮಕ್ಕಳ ಪ್ರಗತಿಗೆ ಅಳತೆ ಯಾವುದು? ಆರಂಭದಲ್ಲಿ ಎಷ್ಟಿತ್ತು, ಮೂರನೇ ವರ್ಷಕ್ಕೆ ಎಷ್ಟಾಗಬೇಕು? ಅದಕ್ಕೆಂದು ಮಾಡುವ ಕೆಲಸವೇನು, ಇಟ್ಟ ಹಣವೆಷ್ಟು? ಎರಡೂ ಜಿಲ್ಲೆಗಳ ಉತ್ತರವನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಯಿರಿ. ಎಳೆ ಎಲ್ಲಿ ಕಡಿಯುತ್ತದೋ ಅಲ್ಲೇ ಆ ಯೋಜನೆ ದುರ್ಬಲ.

ಹಂತ 5: ಹಣ ಹೇಗೆ ಬಂತೆಂದು ತಿಳಿಯಿರಿ. ಇಂಗ್ಲಿಷ್ ಕಲಿಯುವವರು, ಬಡ ಕುಟುಂಬದವರು, ಸಾಕು ಕುಟುಂಬಗಳ ಆಶ್ರಯದಲ್ಲಿ (ಫಾಸ್ಟರ್ ಕೇರ್) ಇರುವವರು: ಇಂಥ ಪ್ರತಿ ಮಗುವಿಗೂ ಮೂಲ ಅನುದಾನದ ಮೇಲೆ ಶೇ. 20 ಹೆಚ್ಚುವರಿ ಸಿಗುತ್ತದೆ. ಇವರ ಪಾಲು ಶೇ. 55 ದಾಟಿದ ಜಿಲ್ಲೆಗೆ ಮತ್ತೊಂದು ಅನುದಾನವಿದೆ. ಆದ್ದರಿಂದ ಬರೀ ಮೊತ್ತ ಹೋಲಿಸಿದರೆ ಅನ್ಯಾಯವಾದೀತು. ಯಾವ ಕೆಲಸ ಈ ಮಕ್ಕಳ ಲೆಕ್ಕಕ್ಕೆ ಸೇರಿದೆ ಎಂಬುದು ಖರ್ಚಿನ ಕೋಷ್ಟಕದಲ್ಲೇ ಇರುತ್ತದೆ.

ಹಂತ 6: ಕಳೆದ ವರ್ಷದ ವಿಮರ್ಶೆ ಓದಿ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಎಲ್ಲಿ ವ್ಯತ್ಯಾಸ ಬಂತು, ಏಕೆ ಬಂತು ಎಂದು ಜಿಲ್ಲೆ ಬರೆಯಲೇಬೇಕು. ಸೋತದ್ದನ್ನು ನೇರವಾಗಿ ಹೇಳಿ ದಾರಿ ಬದಲಿಸಿದ ಜಿಲ್ಲೆಯ ಮೇಲೆ ನನಗೆ ಹೆಚ್ಚು ನಂಬಿಕೆ.

 

ಹಂತ 7: ಹಾಳೆ ಹಿಡಿದು ಸಭೆಗೆ ಹೋಗಿ. ಎಲ್‌ಕ್ಯಾಪ್ ಅಂಗೀಕಾರಕ್ಕೆ ಮೊದಲು ಸಾರ್ವಜನಿಕ ವಿಚಾರಣೆ ಕಡ್ಡಾಯ. ಪೋಷಕರ ಸಲಹಾ ಸಮಿತಿ ಹೇಳಿದ್ದಕ್ಕೆ ಸೂಪರಿಂಟೆಂಡೆಂಟ್ ಲಿಖಿತ ಉತ್ತರ ಕೊಡಬೇಕು. ಆ ಸಮಿತಿಗೆ ಸೇರುವುದು ಹೇಗೆಂದು ಜಿಲ್ಲಾ ಕಚೇರಿಯಲ್ಲಿ ಕೇಳಿ.