ಟ್ರೈಕೋಡರ್ಮಾ: ಕಣ ಬದುಕಿದ್ದರಷ್ಟೇ ಕೆಲಸ

ಯಲಬುರ್ಗಾ, ಕುಷ್ಟಗಿ ಕಡೆ ಕಡಲೆಗೆ ಸಿಡಿ ರೋಗ ಬಂತೆಂದರೆ ಹೂ ಬಿಟ್ಟ ಗಿಡವೂ ನಿಂತಲ್ಲೇ ಒಣಗುತ್ತದೆ. ಆಮೇಲೆ ಔಷಧಿ ಹೊಡೆದು ಉಪಯೋಗವಿಲ್ಲ. ಬಿತ್ತುವ ಮೊದಲೇ ಟ್ರೈಕೋಡರ್ಮಾ ಕೊಡಬೇಕು. 'ಕೊಟ್ಟೆ, ಏನೂ ಆಗಲಿಲ್ಲ' ಅನ್ನುವವರಿಗೆ ನಾನು ಕೇಳೋದು ಒಂದೇ: ಪಾಕೀಟು ಎಲ್ಲಿಟ್ಟಿದ್ರಿ?

ಪುಡಿಯಲ್ಲಿರುವುದು ಜೀವಂತ ಶಿಲೀಂಧ್ರದ ಬೀಜಕಣ. ಈ ಶಿಲೀಂಧ್ರಕ್ಕೆ 25-30 ಡಿಗ್ರಿ ಸೆಲ್ಸಿಯಸ್ ಹಿತ. ನಮ್ಮ ಬೇಸಿಗೆ 40 ಮುಟ್ಟುತ್ತದೆ, ತಗಡಿನ ಶೆಡ್ಡಿನೊಳಗೆ ಇನ್ನೂ ಜಾಸ್ತಿ. ನೇರ ಬಿಸಿಲಿಗೂ ಹಸಿರು ಕಣ ಸಾಯುತ್ತದೆ. ಆಹಾರ ಮುಗಿಯುತ್ತ ಬಂದಾಗ ಇದೇ ಶಿಲೀಂಧ್ರ ದಪ್ಪ ಗೋಡೆಯ ಇನ್ನೊಂದು ಬಗೆಯ ಕಣ ಕಟ್ಟುತ್ತದೆ. ಅದು ಬರಗಾಲಕ್ಕೆಂದು ಹಗೇವಿನಲ್ಲಿಟ್ಟ ಜೋಳವಿದ್ದಂತೆ, ಹೆಚ್ಚು ದಿನ ತಾಳುತ್ತದೆ.

ಕಣ ಮೊಳೆಯಲು ಹಸಿಯೂ ಬೇಕು, ಆಹಾರವೂ ಬೇಕು. ಅದಕ್ಕೇ ನಾನು 100 ಕಿಲೋ ಕಳಿತ ತಿಪ್ಪೆಗೊಬ್ಬರಕ್ಕೆ 1 ಕಿಲೋ ಪುಡಿ ಬೆರೆಸಿ, ನೆರಳಲ್ಲಿ ಗುಡ್ಡೆ ಹಾಕಿ, ಹಸಿ ಗೋಣಿ ಹೊಚ್ಚುತ್ತೇನೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ಒಸರಬಾರದು. ಗಂಗಾವತಿಯ ಗದ್ದೆಯಂತೆ ನೀರು ನಿಂತರೆ ಗಾಳಿಯಿಲ್ಲದೆ ಬೆಳೆಯುವುದಿಲ್ಲ. 3-4 ದಿನಕ್ಕೊಮ್ಮೆ ತಿರುವಿ, 15 ದಿನಕ್ಕೆ ಸಂಜೆ ಹೊತ್ತು ಹಸಿ ನೆಲಕ್ಕೆ ಹಾಕಿ.

ಬೀಜಕ್ಕಾದರೆ ಕಿಲೋಗೆ 4 ಗ್ರಾಂ. ನೆರಳಲ್ಲಿ ಆರಿಸಿ ಅಂದೇ ಬಿತ್ತಿ. ಕಾರ್ಬೆಂಡಜಿಂ ಜೊತೆ ಬೆರೆಸಬೇಡಿ, ಕಾಯುವವನೇ ಸಾಯುತ್ತಾನೆ! ಕೊಳ್ಳುವಾಗ ತಯಾರಾದ ತಾರೀಕು ನೋಡಿ. ಸತ್ತ ಕಣಕ್ಕೆ ದುಡ್ಡು ಕೊಟ್ಟರೆ ಕಡಲೆ ಉಳಿಯದು.