ಶಾಲೆಗೆ ಬಂದ ಹಣ ಯಾವ ಮಗುವಿಗೆ?

ಹೈದರಾಬಾದಿನ ಸರ್ಕಾರಿ ಶಾಲೆಗಳ ಖಾತೆಗೆ ಸಮಗ್ರ ಶಿಕ್ಷಾ ಯೋಜನೆಯ ಸಂಯುಕ್ತ ಶಾಲಾ ಅನುದಾನ ಬರುತ್ತದೆ. ಮಾರ್ಗಸೂಚಿಯ ಲೆಕ್ಕದಲ್ಲಿ ಮಕ್ಕಳು 30ರ ಒಳಗಿದ್ದರೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲಾದರೆ ಒಂದು ಲಕ್ಷ. ಶೇ 10ರಷ್ಟು ಸ್ವಚ್ಛತೆಗೆ ಹೋಗಬೇಕು. 120 ಮಕ್ಕಳ ಶಾಲೆಗೆ ಉಳಿಯುವುದು 45,000. ತಲೆಗೆ 375 ರೂಪಾಯಿ. ಎಲ್ಲರಿಗೂ ಸಮನಾಗಿ ಹಂಚಿದರೆ ಇದು ಯಾರ ಕಲಿಕೆಯಲ್ಲೂ ಕಾಣದಷ್ಟು ಸಣ್ಣ ಮೊತ್ತ. ಆದ್ದರಿಂದ ಶಾಲಾ ಸಮಿತಿಯಲ್ಲಿ ಕೂರುವ ಪೋಷಕರು ಕೇಳಬೇಕಾದ ಮೊದಲ ಪ್ರಶ್ನೆ, ಏನು ಕೊಳ್ಳೋಣ ಎಂಬುದಲ್ಲ, ಯಾವ ಮಕ್ಕಳಿಗಾಗಿ ಕೊಳ್ಳೋಣ ಎಂಬುದು.

ಈ ಮಾತಿಗೆ ಗಟ್ಟಿ ಆಧಾರ ಇದೇ ಸೀಮೆಯಲ್ಲಿದೆ. ಅವಿಭಜಿತ ಆಂಧ್ರಪ್ರದೇಶದ ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಜೊತೆಗಾರರು, ಚೀಟಿ ಎತ್ತಿದಂತೆ ಆರಿಸಿದ ಶಾಲೆಗಳಿಗೆ ಹೆಚ್ಚುವರಿ ಅನುದಾನ ಕೊಟ್ಟು ನೋಡಿದರು. ಮೊದಲ ವರ್ಷ ಹಣ ಅನಿರೀಕ್ಷಿತವಾಗಿ ಬಂತು, ಅಂಕಗಳು ಏರಿದವು. ಎರಡನೇ ವರ್ಷ ಹಣ ಬರುವುದು ಪೋಷಕರಿಗೆ ಗೊತ್ತಿತ್ತು. ನೋಟ್‌ಬುಕ್ಕು, ಪೆನ್ನುಗಳಿಗೆ ತಾವು ಮಾಡುತ್ತಿದ್ದ ಖರ್ಚನ್ನು ಅವರು ಇಳಿಸಿದರು, ಕಲಿಕೆಯ ಲಾಭವೂ ಕರಗಿತು. 2013ರಲ್ಲಿ ಪ್ರಕಟವಾದ ಫಲಿತಾಂಶ ಇದು. ಕೂಲಿ ಮಾಡುವ ಮನೆಗೆ ಆ ಉಳಿತಾಯ ದೊಡ್ಡದಲ್ಲವೇ ಎಂದು ಕೇಳಬಹುದು. ಖಂಡಿತ ದೊಡ್ಡದು, ಅದನ್ನು ತಪ್ಪೆನ್ನಲಾಗದು. ಆದರೆ ಓದಲು ಬಾರದ ಮಗು ಓದುವಂತಾಗಬೇಕು ಎನ್ನುವುದು ಗುರಿಯಾದರೆ, ಪೋಷಕರು ಅಂಗಡಿಯಲ್ಲಿ ಕೊಳ್ಳಲಾಗದ್ದನ್ನು ಶಾಲೆ ಒದಗಿಸಬೇಕು. ಅದು ಮಗುವಿನ ಪಕ್ಕದಲ್ಲಿ ಕುಳಿತು ಕಲಿಸುವವರ ಸಮಯ. ಅದೇ ರಾಜ್ಯದ ಇನ್ನೊಂದು ಪ್ರಯೋಗದಲ್ಲಿ, ಒಬ್ಬ ಗುತ್ತಿಗೆ ಶಿಕ್ಷಕರನ್ನು ಹೆಚ್ಚುವರಿಯಾಗಿ ಪಡೆದ ಶಾಲೆಗಳ ಮಕ್ಕಳು ಎರಡು ವರ್ಷದ ಕೊನೆಗೆ ಗಣಿತ, ಭಾಷೆ ಎರಡರಲ್ಲೂ ಮುಂದಿದ್ದರು. ಮುಂಬಯಿ, ವಡೋದರಾಗಳಲ್ಲಿ ಪ್ರಥಮ್ ಸಂಸ್ಥೆಯ ‘ಬಾಲಸಖಿ’ಯರು ಹಿಂದುಳಿದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಬೇರೆಯಾಗಿ ಕೂರಿಸಿ ಕಲಿಸಿದಾಗಲೂ ಹೆಚ್ಚು ಲಾಭ ಪಡೆದವರು ತೀರಾ ಕೆಳಗಿದ್ದ ಮಕ್ಕಳೇ.

ಹಾಗಾದರೆ ಕೆಲಸ ಶುರುವಾಗಬೇಕಾದದ್ದು ಪಟ್ಟಿಯಿಂದ. ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರಗಳಲ್ಲೇ ಪ್ರತಿ ಮಗುವನ್ನು ಒಂಟಿಯಾಗಿ ಕೂರಿಸಿ ಅಕ್ಷರ, ಪದ, ಸಣ್ಣ ಪರಿಚ್ಛೇದ ಓದಿಸಿ, ಕಳೆಯುವ ಲೆಕ್ಕ ಮಾಡಿಸಿ ನೋಡಬೇಕು. ಮಕ್ಕಳ ಓದು–ಲೆಕ್ಕವನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಪರೀಕ್ಷಾ ಹಾಳೆಗಳು ಇದಕ್ಕೆ ಸಾಕು. ಹೆಸರಿನ ಮುಂದೆ ಹಾಜರಾತಿಯನ್ನೂ ಮನೆಮಾತನ್ನೂ ಬರೆದುಕೊಳ್ಳಬೇಕು. ಈ ನಗರದಲ್ಲಿ ಮನೆಮಾತನ್ನು ಬಿಟ್ಟ ಪಟ್ಟಿ ಅರ್ಧ ಪಟ್ಟಿ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗು ಮನೆಯಲ್ಲಿ ಕನ್ನಡವನ್ನೋ ಲಂಬಾಣಿಯನ್ನೋ ಆಡುತ್ತದೆ, ಬೀದಿಯಲ್ಲಿ ತೆಲುಗು, ಉರ್ದು ಕೇಳುತ್ತದೆ, 2022–23ರಿಂದ ಸರ್ಕಾರಿ ಶಾಲೆಗಳಿಗೆ ಬಂದಿರುವ ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲಿ ಕೂರುತ್ತದೆ. ಅದು ದಡ್ಡ ಮಗುವಲ್ಲ. ಇಂಥ ಮಗುವಿಗೆ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ.

ಪಟ್ಟಿ ಸಿದ್ಧವಾದ ಮೇಲೆ ಹಣದ ಬಾಬ್ತುಗಳನ್ನು ಬಿಡಿಸಿ ನೋಡಬೇಕು. ಸಂಯುಕ್ತ ಅನುದಾನ ಇರುವುದು ದುರಸ್ತಿ, ವಿದ್ಯುತ್ ಬಿಲ್ಲು, ಬೋಧನಾ ಸಾಮಗ್ರಿಗಳಿಗೆ. ಅದರಿಂದ ಸಂಬಳ ಕೊಡಲಾಗದು. ಗ್ರಂಥಾಲಯ, ಕ್ರೀಡೆಗೆ ಪ್ರತ್ಯೇಕ ಅನುದಾನವಿದೆ. ಶಾಲೆ ಬಿಟ್ಟು ಮರಳಿದ ಮಗುವಿನ ವಿಶೇಷ ತರಬೇತಿಗೆ, ವಸತಿ ಇಲ್ಲದ ಕೇಂದ್ರದಲ್ಲಾದರೆ, ವರ್ಷಕ್ಕೆ 6,000 ರೂಪಾಯಿವರೆಗೆ, ಅಂಗವಿಕಲ ಮಗುವಿಗೆ 3,500 ರೂಪಾಯಿವರೆಗೆ ಯೋಜನೆಯಲ್ಲೇ ಅವಕಾಶವಿದೆ. ಆದರೆ ಶಾಲೆಗಳ ರಾಷ್ಟ್ರೀಯ ಮಾಹಿತಿ ವ್ಯವಸ್ಥೆಯಾದ ಯುಡೈಸ್‌ನ ದಾಖಲೆಯಲ್ಲಿ ಆ ಮಗು ಆ ಗುಂಪಿನಲ್ಲಿ ನಮೂದಾಗದಿದ್ದರೆ ಈ ಹಣ ಕೇಳುವುದೇ ಕಷ್ಟ. ಹಾಗಾಗಿ ಮುಖ್ಯೋಪಾಧ್ಯಾಯರ ಜೊತೆ ಕುಳಿತು ಯುಡೈಸ್ ನಮೂದುಗಳನ್ನು ಸಾಲುಸಾಲಾಗಿ ಪರಿಶೀಲಿಸುವುದು ಸಮಿತಿ ಮಾಡಬಹುದಾದ ಅತಿ ಲಾಭದ ಕೆಲಸ. ಇನ್ನು ಕಲಿಸುವವರ ಸಮಯ. ವೇಳಾಪಟ್ಟಿಯಲ್ಲಿ ದಿನಕ್ಕೊಂದು ಗಂಟೆ ತೆರವು ಮಾಡಿ ಮಕ್ಕಳನ್ನು ಮಟ್ಟಕ್ಕೆ ತಕ್ಕ ಗುಂಪುಗಳಲ್ಲಿ ಕೂರಿಸಬಹುದು. ತೆಲಂಗಾಣದ ‘ತೊಲಿಮೆಟ್ಟು’ ಕಾರ್ಯಕ್ರಮ 2022ರಿಂದ ಬುನಾದಿ ಓದು–ಲೆಕ್ಕಕ್ಕೇ ಮೀಸಲಾಗಿರುವುದರಿಂದ ಇದು ಶಿಕ್ಷಕರಿಗೆ ಹೊಸ ಹೊರೆಯಲ್ಲ. ಕೈ ಸಾಲದಿದ್ದರೆ ಕೇಂದ್ರದ ‘ವಿದ್ಯಾಂಜಲಿ’ ಪೋರ್ಟಲ್ ಮೂಲಕ ಸ್ವಯಂಸೇವಕರನ್ನು ಕೋರಬಹುದು, ಕಂಪನಿ ಅಥವಾ ಹಳೆಯ ವಿದ್ಯಾರ್ಥಿಗಳ ದೇಣಿಗೆಯಿಂದ ಗೌರವಧನ ಕೊಡಬಹುದು. ಅನುದಾನದ ಹಣದಿಂದ ಆ ಗುಂಪುಗಳು ದಿನವೂ ಬಳಸುವ ಕಥೆಪುಸ್ತಕ, ಅಕ್ಷರಪಟ್ಟಿ, ಎಣಿಕೆ ಸಾಮಗ್ರಿ ಕೊಳ್ಳಲಿ.

ಮಾಡು ಸೋರುತ್ತಿರುವಾಗ ಓದಿನ ಗುಂಪು ಎಲ್ಲಿಂದ ಎನ್ನುವ ಆಕ್ಷೇಪ ನ್ಯಾಯವಾದದ್ದೇ. ಆದರೆ ಶೌಚಾಲಯ, ಕುಡಿಯುವ ನೀರು, ದುರಸ್ತಿಯ ಕೆಲಸಗಳಿಗೆಂದೇ 2024ರಿಂದ ತೆಲಂಗಾಣದಲ್ಲಿ ಮಹಿಳಾ ಸಂಘಗಳ ಒಕ್ಕೂಟದವರು ನಡೆಸುವ ‘ಅಮ್ಮ ಆದರ್ಶ ಪಾಠಶಾಲಾ’ ಸಮಿತಿಗಳಿವೆ. ಕಟ್ಟಡದ ಬೇಡಿಕೆಯನ್ನು ಆ ದಾರಿಯಲ್ಲಿ ಒಯ್ದರೆ ಸಣ್ಣ ಅನುದಾನ ಸುಣ್ಣಬಣ್ಣದಲ್ಲಿ ಮುಗಿಯುವುದು ತಪ್ಪುತ್ತದೆ. ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಭಾರವಾಗಿ ಕಾಣುತ್ತದೆ: ಬೇರೆ ಕೂರಿಸಿದರೆ ಮಗುವಿಗೆ ಹಣೆಪಟ್ಟಿ ಅಂಟುವುದಿಲ್ಲವೇ? ಬಡತನ, ಜಾತಿಯ ಮೇಲೆ ಗುಂಪು ಮಾಡಿದರೆ ಖಂಡಿತ ಅಂಟುತ್ತದೆ, ಹಾಗೆ ಮಾಡಲೇಬಾರದು. ಓದಿನ ಮಟ್ಟವೊಂದೇ ಆಧಾರವಾಗಲಿ, ಎಲ್ಲ ಮಕ್ಕಳೂ ಯಾವುದಾದರೊಂದು ಗುಂಪಿನಲ್ಲಿರಲಿ, ಗಣಿತದ ಗುಂಪು ಭಾಷೆಯ ಗುಂಪಿಗಿಂತ ಬೇರೆಯಿರಲಿ. ಪಟ್ಟಿಯನ್ನು ತರಗತಿಯಲ್ಲಿ ಓದುವುದು ಬೇಡ.

ಲೆಕ್ಕ ಒಪ್ಪಿಸುವ ವಿಷಯದಲ್ಲಿ ಕಾಯ್ದೆ ಪೋಷಕರ ಪರ ನಿಂತಿದೆ. ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಮಹಿಳೆಯರು ಇರಬೇಕು. ದುರ್ಬಲ ವರ್ಗದ ಪೋಷಕರಿಗೆ ಸಂಖ್ಯೆಗೆ ತಕ್ಕ ಸ್ಥಾನ ಸಿಗಬೇಕು. ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದೂ ಅನುದಾನದ ಬಳಕೆ ನೋಡುವುದೂ ಇದೇ ಸಮಿತಿಯ ಕೆಲಸ. ನಡಾವಳಿ ಪುಸ್ತಕದಲ್ಲಿ ಖರ್ಚಿನ ಪ್ರತಿ ಬಾಬ್ತಿನ ಪಕ್ಕದಲ್ಲಿ ಅದು ಯಾವ ಗುಂಪಿಗೆ ಎಂದು ಬರೆಸಿ. ಎರಡು ತಿಂಗಳಿಗೊಮ್ಮೆ ಅದೇ ಹಾಳೆಯಿಂದ ಮತ್ತೆ ಓದಿಸಿ, ಮೇಲೇರಿದವರನ್ನು ಮುಂದಿನ ಗುಂಪಿಗೆ ಕಳಿಸಿ. ಗುಂಪೊಂದರಲ್ಲಿ ಯಾರೂ ಕದಲದಿದ್ದರೆ, ಬಳಕೆ ಪ್ರಮಾಣಪತ್ರಕ್ಕೆ ಸಹಿ ಹಾಕುವ ಮುನ್ನ ಕಾರಣ ಕೇಳಿ.